ಅತ್ತೆ ಡಿಲೀಟ್ ಮಾಡಿದ ಫೋಟೋಗಳು

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವಿನ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲೇ ಸುಗಂಧರಾಜದ ಹಾರಗಳಿಗೆ ನೀರು ಚಿಮುಕಿಸುತ್ತಿದ್ದರು. ಆ ವಾಸನೆಗೆ ಬೇರೆಯವರಿಗೆ ದೇವರೋ ಮದುವೆಯೋ ನೆನಪಾಗುತ್ತದೆ. ನನಗೆ ನೆನಪಾದದ್ದು ಬಿಸಿಯಾದ ಪ್ಲಾಸ್ಟಿಕ್ಕು, ಅದರ ಬೆನ್ನಿಗೇ ನನ್ನ ಸೋದರತ್ತೆ.

ಸತ್ತಮೇಲೆ ಜನ ಒಳ್ಳೆಯವರಾಗಿಬಿಡುತ್ತಾರಂತೆ. ನಮ್ಮತ್ತೆ ಹೋಗಿ ವರ್ಷವಾಗುತ್ತಾ ಬಂತು, ಇನ್ನೂ ಆಗಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾಗಿ ಶ್ರೀನಗರದಲ್ಲಿದ್ದರು. ತಪ್ಪು ಕಂಡರೆ ಕೆಂಪು ಗೀಟು ಎಳೆಯುವುದು ಅವರ ಕೈಗೆ ಅಂಟಿದ ಅಭ್ಯಾಸ. ಅವರ ಲೆಕ್ಕದಲ್ಲಿ ನಮ್ಮ ವಂಶದಲ್ಲಿ ನಡೆದ ಅತಿ ದೊಡ್ಡ ತಪ್ಪು ನನ್ನ ಅಮ್ಮ. ಅಪ್ಪ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದಲ್ಲದೆ, ಸುದ್ದಗುಂಟೆಪಾಳ್ಯದಲ್ಲಿ ಹೆಣ್ಣು ಕೊಟ್ಟ ಮಾವ ಕಟ್ಟಿಸಿದ ಮನೆಯ ಮಹಡಿಯನ್ನೇ ಸೇರಿಬಿಟ್ಟಿದ್ದರು. ಅತ್ತೆ ಒಂದು ದಿನವೂ ಅಮ್ಮನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ‘ಆ ಕಡೆಯವಳು’ ಅನ್ನುತ್ತಿದ್ದರು, ಬನ್ನೇರುಘಟ್ಟ ರಸ್ತೆ ದಾಟಿದರೆ ಬೇರೆ ದೇಶ ಅನ್ನುವ ಹಾಗೆ. ನನಗೆ ಅರ್ಧ ಮಾರ್ಕ್ಸ್ ಸಿಕ್ಕಿತ್ತು. ಅಪ್ಪನ ಮೂಗು ಬಂದಿತ್ತಲ್ಲ, ಅದಕ್ಕೆ.

ಅವರು ರಿಟೈರಾದಾಗ ಅಪ್ಪ ಒಂದು ಡಿಜಿಟಲ್ ಫೋಟೋ ಫ್ರೇಮ್ ತೆಗೆದುಕೊಟ್ಟರು. ವೈಫೈ ಕೊಟ್ಟರೆ ಸಾಕು, ನೆಂಟರೆಲ್ಲ ತಮ್ಮ ತಮ್ಮ ಫೋನಿನಿಂದ ಒಂದೇ ಆಲ್ಬಮ್ಮಿಗೆ ಹಾಕಿದ ಫೋಟೋಗಳು ಅದರಲ್ಲಿ ಒಂದಾದ ಮೇಲೊಂದು ಬರುತ್ತವೆ. ನಾನು ಆಗ ಇಂಜಿನಿಯರಿಂಗಿನ ಮೂರನೇ ಸೆಮಿಸ್ಟರನ್ನು ಮೂರನೇ ಸಲ ಓದುತ್ತಿದ್ದೆ, ಆದ್ದರಿಂದ ವಂಶದ ಏಕೈಕ ತಂತ್ರಜ್ಞ. ಫ್ರೇಮನ್ನು ಗೋಡೆಗೆ ತೂಗುಹಾಕಲು ಹೋಗಿ ಒಳಗಿನ ವೈರಿಗೇ ಡ್ರಿಲ್ ಇಟ್ಟೆ. ಫ್ಯಾನು, ಫ್ರಿಜ್ಜು, ಮೋಟರು ಎಲ್ಲ ಒಟ್ಟಿಗೇ ನಿಂತವು. ಕೊನೆಗೆ ಫ್ರೇಮು ಷೋಕೇಸಿನ ಮೇಲೆ ಕೂತಿತು. ಅತ್ತೆ ಬೈಯಲಿಲ್ಲ. ‘ಇದನ್ನ ನಿಮ್ಮ ಕಾಲೇಜಲ್ಲಿ ಕಲಿಸಿದ್ರಾ, ಸ್ವಂತದ್ದಾ?’ ಅಂತ ಕೇಳಿದರು ಅಷ್ಟೇ.

ಆಮೇಲೆ ಅವರ ಫೋನಿಗೆ ಆಲ್ಬಂ ಹಾಕಿಕೊಟ್ಟು, ಫೋಟೋ ಸೇರಿಸುವುದು ಹೇಗೆ, ತೆಗೆಯುವುದು ಹೇಗೆ ಅಂತ ತೋರಿಸಿದೆ. ಸೇರಿಸುವುದನ್ನು ಅವರು ಕಲಿಯಲೇ ಇಲ್ಲ. ತೆಗೆಯುವುದನ್ನು ಒಂದೇ ಸಲಕ್ಕೆ ಕಲಿತರು.

ಮೊದಲ ವಾರದಲ್ಲೇ ಅಮ್ಮ ಇದ್ದ ಫೋಟೋಗಳೆಲ್ಲ ಮಾಯ. ನೆಟ್‌ವರ್ಕ್ ಸಮಸ್ಯೆ ಅಂದುಕೊಂಡು, ತಂತ್ರಜ್ಞನಲ್ಲವೇ, ರೂಟರ್ ಆಫ್ ಮಾಡಿ ಆನ್ ಮಾಡಿ ಬಂದೆ. ಮತ್ತೆ ಹಾಕಿದೆ, ಮತ್ತೆ ಹೋದವು. ಆಮೇಲೆ ಅತ್ತೆ ಯಾರ ಹತ್ತಿರವೋ ಕ್ರಾಪ್ ಮಾಡುವುದನ್ನು ಬೇರೆ ಕಲಿತರು. ನನ್ನ ಉಪನಯನದ ಫೋಟೋದಲ್ಲಿ ಅಪ್ಪ ಇದ್ದಾರೆ, ನಾನಿದ್ದೇನೆ, ನನ್ನ ಪಕ್ಕ ಹಸಿರು ಬಳೆ ತೊಟ್ಟ ಒಂದು ಮೊಣಕೈ ಇದೆ. ಶ್ರೀನಗರದ ಆ ಮನೆಯ ಹಾಲಿನಲ್ಲಿ ನನ್ನ ಅಮ್ಮ ಇದ್ದದ್ದು ಅಷ್ಟೇ.

ನನಗೆ ಉರಿದುಹೋಯಿತು. ನಮ್ಮ ನೆಂಟರೆಲ್ಲ ಬಂದು ಕೂರುವ ಹಾಲು ಅದು. ಅಲ್ಲಿ ಅಮ್ಮ ಪೂರ್ತಿಯಾಗಿ, ಮುಖ ಸಮೇತ, ಹತ್ತು ಸೆಕೆಂಡಾದರೂ ಇರಲೇಬೇಕು ಅಂತ ಹಟ ಹಿಡಿದೆ. ಪರೀಕ್ಷೆಗೂ ಅಷ್ಟು ಶ್ರದ್ಧೆ ತೋರಿಸಿದವನಲ್ಲ. ಅತ್ತೆ ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿ ಹಾಕುತ್ತಿದ್ದೆ, ಬಂದು ತೆಗೆಯುತ್ತಿದ್ದರು. ಎದುರು ಸಿಕ್ಕಾಗ ಇಬ್ಬರೂ ಈ ವಿಷಯ ಎತ್ತುತ್ತಿರಲಿಲ್ಲ. ಕಾಫಿ ಕೊಡುತ್ತಿದ್ದರು. ತಣ್ಣಗಿರುತ್ತಿತ್ತು.

ಅಮ್ಮ ಮಾತ್ರ, ‘ಬಿಡೋ, ಅವರ ಮನೆ, ಅವರಿಗೆ ಬೇಕಾದೋರನ್ನ ಇಟ್ಕೋತಾರೆ’ ಅಂದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಆ ಪಾತ್ರೆಗಳ ಸದ್ದು ಮಾತ್ರ ‘ಬಿಡೋ’ ಅನ್ನುವಂತಿರಲಿಲ್ಲ...

ಇದರ ಮಧ್ಯೆ ನಾನು ಅಜ್ಜನ ಮುಖವನ್ನೂ ಹಾಳು ಮಾಡಿದೆ. ಅಜ್ಜ ಅಂದರೆ ಅತ್ತೆಯ ಅಪ್ಪ. ಅವರದ್ದು ಇದ್ದದ್ದೇ ಒಂದು ದೊಡ್ಡ ಫೋಟೋ, ಕಟ್ಟು ಹಾಕಿಸಿದ್ದು. ಅದನ್ನೂ ಆಲ್ಬಮ್ಮಿಗೆ ಹಾಕೋಣ ಅಂತ ಗಾಜಿನ ಮೇಲಿಂದ ಫೋನಿನಲ್ಲಿ ತೆಗೆದೆ. ಟ್ಯೂಬ್‌ಲೈಟು ಪ್ರತಿಫಲಿಸಿತು. ಸರಿ, ಗಾಜು ಬಿಚ್ಚಿದೆ. ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಅಮ್ಮನ ಹೇರ್ ಡ್ರೈಯರ್ ತಂದು ಬಿಸಿ ಕೊಟ್ಟು ನಿಧಾನಕ್ಕೆ ಎಳೆದೆ. ಅಜ್ಜ ಬಂದರು, ಮೀಸೆ ಗಾಜಿನಲ್ಲೇ ಉಳಿಯಿತು. ಜೊತೆಗೆ ಒಂದು ಕಣ್ಣು. ಕೊನೆಗೆ ಟ್ಯೂಬ್‌ಲೈಟಿನ ಗೆರೆ ಹೊತ್ತ ಫೋನಿನ ಫೋಟೋ ಒಂದೇ ಗತಿಯಾಯಿತು. ಅತ್ತೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನನಗೆ ಅದು ರಜೆ.

ಹಾಗಾಗಿ ಆ ವರ್ಷ ಅಜ್ಜನ ತಿಥಿಗೆ ಡಿಜಿಟಲ್ ಫ್ರೇಮಿನಲ್ಲೇ ಅಜ್ಜ ಕಾಣಿಸಬೇಕಾಯಿತು. ನಾನು ಹೋಗಿ ಫ್ರೇಮನ್ನು ಅವರ ಫೋಟೋದ ಮೇಲೆ ನಿಲ್ಲಿಸಿ, ಬೇರೆಯದು ಬಾರದ ಹಾಗೆ ಮಾಡಿದೆ. ಅತ್ತೆ ಪರದೆಯ ಮೇಲೆ ಅಜ್ಜನ ಹಣೆಗೆ ಸರಿಯಾಗಿ ಗಂಧ ಇಟ್ಟು, ಫ್ರೇಮಿಗೆ ಸುಗಂಧರಾಜದ ಹಾರ ಹಾಕಿದರು. ಸ್ವಲ್ಪ ಹೊತ್ತಿಗೆ ಫ್ರೇಮಿನ ಪ್ಲಾಸ್ಟಿಕ್ಕಿನ ಬಿಸಿಗೆ ಹೂವು ಬಾಡಿ ಹಾಲೆಲ್ಲ ಒಂಥರಾ ಬೆಂದ ವಾಸನೆ. ಅಮ್ಮನೂ ಬಂದಿದ್ದಳು. ಅಡುಗೆಮನೆಗೆ ಅವಳಿಗೆ ಪ್ರವೇಶವಿರಲಿಲ್ಲ, ಹಾಲಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕರೆಂಟು ಹೋಯಿತು. ಎರಡೇ ನಿಮಿಷಕ್ಕೆ ಬಂತು. ಫ್ರೇಮೂ ಎದ್ದಿತು, ಆದರೆ ನಾನು ಹೇಳಿದ್ದೆಲ್ಲ ಮರೆತು ಎದ್ದಿತು. ಹೊಸದಾಗಿ ಸೇರಿಸಿದ ಫೋಟೋದಿಂದ ಶುರುಮಾಡಿತು. ಹಿಂದಿನ ದಿನ, ಅತ್ತೆ ತಿಥಿಯ ಗಡಿಬಿಡಿಯಲ್ಲಿ ಫೋನು ನೋಡುವುದಿಲ್ಲ ಅಂತ ಲೆಕ್ಕ ಹಾಕಿ ಹೊಸದಾಗಿ ಸೇರಿಸಿದ್ದವನು ನಾನೇ.

ಅಮ್ಮ. ದೊಡ್ಡದಾಗಿ, ನಗುತ್ತಾ, ಕೊರಳಿಗೆ ಹಾರ, ಹಣೆಗೆ ಗಂಧ.

ಅಮ್ಮ ಕುರ್ಚಿಯಲ್ಲಿ ಕೂತು ತನ್ನನ್ನೇ ನೋಡುತ್ತಿದ್ದಳು. ನಾನು ಫ್ರೇಮಿನ ಹತ್ತಿರ ಓಡಿ, ಯಾವುದೋ ಬಟನ್ ಒತ್ತಿ, ಅಮ್ಮನ ಮುಖವನ್ನು ಇನ್ನೂ ದೊಡ್ಡದು ಮಾಡಿದೆ.

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು. ಒಂದು ಕ್ಷಣ ನೋಡಿದರು. ‘ತೆಗಿಯೋ ಆ ಹಾರನ. ಅವಳು ಬದುಕಿದಾಳೆ’ ಅಂದರು. ನಾನು ಇನ್ನೂ ಬಟನ್ನುಗಳನ್ನೇ ಒತ್ತುತ್ತಿದ್ದೆ. ಅವರೇ ಬಂದು ಹಾರವನ್ನು ಕಿತ್ತು ಎಸೆದರು. ದಾರ ಹರಿದು ಹೂವು ನೆಲದ ತುಂಬ ಚೆಲ್ಲಿತು. ಆಮೇಲೆ ಸೆರಗಿನಿಂದ ಅಮ್ಮನ ಹಣೆ ಒರೆಸಿದರು. ಗಾಜಿನ ಮೇಲಿನ ಹಣೆಯೇ ಇರಬಹುದು, ಆದರೂ ಗಂಧ ಪೂರ್ತಿ ಹೋಗುವ ತನಕ ಒತ್ತಿ ಒತ್ತಿ ಒರೆಸಿದರು. ಅಮ್ಮನ ಕಡೆ ತಿರುಗಿ, ‘ಮನೆಗೆ ಹೋಗಿ ದೃಷ್ಟಿ ತೆಗೆಸ್ಕೋ’ ಅಂದರು. ಅಮ್ಮನ ಜೊತೆ ಅವರು ನೇರವಾಗಿ ಆಡಿದ್ದು, ನಾನು ಕಂಡಂತೆ, ಅದೊಂದೇ ಮಾತು.

ಸಂಜೆ ಮನೆಗೆ ಬರುವಾಗ, ನನ್ನ ದಡ್ಡತನದಿಂದಲೇ ಕುಟುಂಬ ಒಂದಾಯಿತು ಅಂತ ಬೀಗುತ್ತಿದ್ದೆ. ಫೋನು ತೆಗೆದು ನೋಡಿದರೆ ಆಲ್ಬಮ್ಮಿನಲ್ಲಿ ಅಮ್ಮನ ಫೋಟೋ ಇಲ್ಲ.

ಅತ್ತೆಗೆ ಫೋನು ಮಾಡಿದೆ. ಆ ವಿಷಯವನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ‘ನೀವು ತೆಗೆದ್ರಾ ಅತ್ತೆ?’

‘ತೆಗೆದೆ.’

‘ಮಧ್ಯಾಹ್ನ ನೀವೇ...’

‘ಹಾರ ತೆಗೆದಿದ್ದು ಬೇರೆ, ಇದು ಬೇರೆ’ ಅಂದು ಇಟ್ಟುಬಿಟ್ಟರು.

ಆಮೇಲೂ ನಮ್ಮ ಯುದ್ಧ ನಡೆದೇ ಇತ್ತು. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಹಾಕುತ್ತಿದ್ದೆ. ಒಂದನ್ನೂ ಅವರು ಬಿಡಲಿಲ್ಲ. ಹೋದ ವರ್ಷ ಆಸ್ಪತ್ರೆಗೆ ಸೇರಿಸಿದ ದಿನವೂ ಬೆಳಿಗ್ಗೆ ಒಂದನ್ನು ತೆಗೆದಿದ್ದರು. ಎದೆನೋವು ಅಂತ ಅಪ್ಪನಿಗೆ ಫೋನು ಮಾಡಿದ್ದು ಅದಾದ ಮೇಲೆ. ಅಪ್ಪ ಅತ್ತರು. ನನಗೆ ಅಳು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಮ್ಮನನ್ನು ಮೊಣಕೈಯಷ್ಟಕ್ಕೆ ಇಳಿಸಿದ ಹೆಂಗಸು ಅವರು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಫ್ರೇಮು ಈಗ ನಮ್ಮ ಮನೆಗೆ ಬಂದಿದೆ. ಮೊನ್ನೆ ಹೂವಿನ ಅಂಗಡಿಯಿಂದ ಬಂದವನೇ ಅಮ್ಮನ ಒಂದು ಫೋಟೋ ಆಲ್ಬಮ್ಮಿಗೆ ಹಾಕಿದೆ. ಸಂಜೆ ನೋಡಿದೆ, ಇತ್ತು. ಮಾರನೇ ದಿನವೂ ಇತ್ತು. ಆ ಆಲ್ಬಮ್ಮಿನಲ್ಲಿ ನೆಂಟರೆಲ್ಲ ಇದ್ದಾರೆ. ಯಾರೂ ತೆಗೆದಿಲ್ಲ, ಯಾರೂ ಏನೂ ಅಂದಿಲ್ಲ, ಬಹುಶಃ ಯಾರೂ ತೆರೆದೇ ಇಲ್ಲ. ಇಷ್ಟು ವರ್ಷ ಅದನ್ನು ದಿನಾ ತೆರೆದು, ನಾನು ಹಾಕಿದ ಒಂದೊಂದು ಫೋಟೋವನ್ನೂ ಕಣ್ಣಿಟ್ಟು ನೋಡಿದ್ದವರು ಅವರೊಬ್ಬರೇ ಅಂತ ಆಗ ಹೊಳೆಯಿತು.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಫ್ರೇಮಿನ ಮುಂದೆ ನಿಂತಳು. ಅವಳದ್ದು ಬಂದು ಹೋಗುವ ತನಕ ಕಾದಳು.

‘ನಿಮ್ಮತ್ತೆ ಇದ್ದಿದ್ರೆ ಇಷ್ಟೊತ್ತಿಗೆ ತೆಗೆದಿರೋರು.’

ನಾನು ಹೂಂ ಅಂದೆ.

ಇನ್ನೊಂದು ಸುತ್ತು ನೋಡಿದಳು. ‘ಇದ್ರಲ್ಲಿ ಮುಖ ಊದ್ಕೊಂಡಂಗಿದೆ ಕಣೋ. ಬೇರೆ ಹಾಕು’ ಅಂದಳು.

ಹುಡುಕಿ ಬೇರೆ ಹಾಕಿದೆ. ಅದೂ ಇನ್ನೂ ಹಾಗೇ ಇದೆ.