ತೂಬಿನ ಮೇಲೆ ಕೂತಿದ್ದ ಗಂಗಮ್ಮ

ಅರಸೀಕೆರೆಯಲ್ಲಿ ರೈಲು ಇಳಿದಾಗ ಬೆಳಗಿನ ಹತ್ತು ಗಂಟೆ. ತಿಪಟೂರಿನ ಬಸ್ಸು ಆಗಲೇ ಹೊರಡುವುದರಲ್ಲಿತ್ತು. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟು ಕೈಗಿಟ್ಟು ಮುಂದೆ ಹೋದರು. ನವೆಂಬರ್ ಕೊನೆಯ ವಾರ. ಬಿಸಿಲಿದ್ದರೂ ಕಿಟಕಿಯ ಗಾಳಿ ತಣ್ಣಗಿತ್ತು. ತಿಪಟೂರು ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ತೆಂಗಿನ ತೋಟ, ತೋಟದ ಅಂಚಿಗೆ ಸುಲಿದು ಹಾಕಿದ ಮಟ್ಟೆಯ ರಾಶಿ.

ನಾನು ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವಳು. ನಿವೃತ್ತಳಾದ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲೊಂದರ ಗೋಡೆಗೆ ಚರಿತ್ರೆಯ ಹೆಂಗಸರ ಪಟಗಳನ್ನು ಸಿದ್ಧಪಡಿಸುತ್ತಿದ್ದೆ. ರಾಜ್ಯ ಆಳಿದವರು, ಪದ ಕಟ್ಟಿದವರು, ವೀಣೆ ನುಡಿಸಿದವರು, ನಕ್ಷತ್ರಗಳ ಲೆಕ್ಕ ಹಾಕಿದವರು, ರೋಗಕ್ಕೆ ಮದ್ದು ಹುಡುಕಿದವರು, ಎಲ್ಲರೂ ಸಿಕ್ಕರು. ಆದರೆ ಹೆಚ್ಚಿನವರು ಅರಮನೆಯವರು, ಇಲ್ಲವೇ ದೂರದೇಶದವರು. ಆ ಹುಡುಗಿಯರು ಬರುವಂಥ ಹಳ್ಳಿಯಿಂದ ಒಬ್ಬಳೂ ಇರಲಿಲ್ಲ. ತುರುವೇಕೆರೆ ಕಡೆಯ ಹಳೆಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿಕೊಂಡಾಗ, "ನಮ್ ಕಡೆ ಒಂದು ಕೆರೆ ಐತೆ ಮೇಡಂ. ಹೆಂಗಸು ಕಟ್ಟಿಸಿದ್ದು ಅಂತ ಕಲ್ಲಲ್ಲೇ ಬರ್ದೈತೆ. ಗಂಗಮ್ಮ ಅನ್ನೋರ ಮನೆ ಕೇಳಿ," ಎಂದಿದ್ದರು. ಆ ಕಲ್ಲಿನ ಫೋಟೊ ತೆಗೆದುಕೊಂಡು ಬರುವುದಷ್ಟೇ ನನ್ನ ಯೋಚನೆ.

ತಿಪಟೂರಿನಲ್ಲಿ ಎರಡು ಇಡ್ಲಿ, ಕಾಫಿ ಮುಗಿಸಿ ತುರುವೇಕೆರೆ ಬಸ್ಸು ಹತ್ತಿದೆ. ಅಲ್ಲಿಂದ ಸಂಪಿಗೆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಬೇಕು. ಆಟೊದವರು ನೂರೈವತ್ತು ಕೇಳಿದರು, ಕೊಟ್ಟೆ. ಊರು ಕಾಣುವ ಮೊದಲೇ ಕೆರೆಯ ಏರಿ ಕಂಡಿತು. ಏರಿ ಹತ್ತಿ ನಿಂತಾಗ ಆಚೆ ದಡದ ತೋಟದವರೆಗೂ ನೀರು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಯಾರೋ ಎಮ್ಮೆಗಳನ್ನು ನೀರಿಗೆ ಬಿಟ್ಟಿದ್ದರು.

ಏರಿಯ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ ಹಿರಿಯರೊಬ್ಬರನ್ನು ಗಂಗಮ್ಮನ ಮನೆ ಕೇಳಿದೆ. ಅವರ ಹೆಸರು ಶಿವಣ್ಣ, ಗಂಗಮ್ಮನ ಮೈದುನನೇ.

"ಕಲ್ಲು ನೋಡೋಕೆ ಬಂದ್ರಾ?" ಎಂದು ನಕ್ಕರು. "ಅಗೋ, ನೀರು ಬಿಡೋ ತೂಬಿನ ಕಂಬ ಕಾಣ್ತದಲ್ಲ, ಅದರ ಪಕ್ಕಕ್ಕೇ ಐತೆ. ಆಳುದ್ದ ನೀರೊಳಗೆ. ಈಜು ಬತ್ತದಾ ನಿಮಗೆ?"

ಮೈಸೂರಿನಿಂದ ಬಂದದ್ದು ವ್ಯರ್ಥವಾಯಿತೆಂದು ಪೆಚ್ಚಾದೆ. ಅವರು ನನ್ನ ಮುಖ ನೋಡಿ, "ಬನ್ನಿ, ಅತ್ತಿಗಮ್ಮನ್ನ ಮಾತಾಡ್ಸುವಿರಂತೆ," ಎಂದು ಎದ್ದರು.

ಗಂಗಮ್ಮನಿಗೆ ಎಂಬತ್ತರ ಹತ್ತಿರವಿರಬೇಕು. ಸಣ್ಣ ಆಳು, ಹಣೆಯ ತುಂಬ ವಿಭೂತಿ. ನಾನು ಬಂದ ಕಾರಣ ಹೇಳಿದಾಗ ಒಳಗಿನಿಂದ ಎಳನೀರು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಜಗಲಿಯ ಮೇಲೆ ಕೂತು ಹೇಳಿದರು.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ಮೂರು ವರ್ಷ ಕೆರೆಗೆ ನೀರು ಬಂದಿರಲಿಲ್ಲ. ಒಣಗಿದ ಕೆರೆ ಯಾಕೆ, ಏರಿ ಒಡೆದು ಅಂಗಳವನ್ನು ಹಂಚಿಕೊಂಡು ತೆಂಗಿನ ಸಸಿ ಇಡೋಣ ಎಂದು ಊರ ಗಂಡಸರು ಮಾತಾಡಿಕೊಂಡರು. ಗುಂಡಿ ತೆಗೆಯುವ ಕೆಲಸವೂ ಶುರುವಾಯಿತು. ಶಾಲೆಯ ಜಗಲಿಯಲ್ಲಿ ಸಭೆ ಸೇರಿದರು. ಊರಿಗೆ ಹೊಸದಾಗಿ ಬಂದಿದ್ದ ಸರೋಜಮ್ಮ ಎಂಬ ಟೀಚರು ಕೆರೆಯಂಗಳದ ಕಲ್ಲಿನಲ್ಲಿ ಏನು ಬರೆದಿದೆ ಎಂದು ಆ ಸಭೆಯಲ್ಲಿ ಓದಿ ಹೇಳಿದರು.

"ನಾನು ಹಿಂದ್ಗಡೆ ನಿಂತಿದ್ದೆ ಕಣ್ರೀ," ಎಂದರು ಗಂಗಮ್ಮ. "ಗಂಡ ಸತ್ತು ಎರಡು ವರ್ಸ. ಸಭೇಲಿ ಮಾತಾಡಿದೋಳಲ್ಲ ನಾನು. ಟೀಚರಮ್ಮ ಹೆಂಗಸಿನ ಹೆಸರಲ್ಲಿ ಕಲ್ಲೈತೆ ಅಂದೇಟ್ಗೆ ಏನಾಯ್ತೋ, ಮುಂದಕ್ಕೆ ಬಂದ್ಬುಟ್ಟೆ. ಒಬ್ಬ ಹೆಂಗಸು ಕಟ್ಟಿದ್ದನ್ನ ಇಷ್ಟು ಜನ ಗಂಡಸ್ರು ಸೇರ್ಕಂಡು ಒಡೀತೀರಾ ಅಂತ ಕೇಳ್ದೆ. ಕೇಳ್ಬುಟ್ಟು ಹೋಗಿ ತೂಬಿನ ಮೇಲೆ ಕೂತ್ಕಂಡೆ."

"ಒಬ್ಬರೇನಾ?"

"ಮೊದ್ಲು ಒಬ್ಬಳೇಯ. ಬಿಸಿಲು ಏರೋ ಹೊತ್ಗೆ ಆರು ಜನ. ಸಾಯಂಕಾಲಕ್ಕೆ ಎಲ್ಲ ಕೇರಿಯೋರೂ ಬಂದ್ರು. ಒಂದು ಕೇರಿಯೋರು ಇನ್ನೊಂದು ಕೇರಿಯೋರ ಜೊತೆ ಒಟ್ಟಿಗೆ ಕೂತು ಉಂಡಿದ್ದೂ ಅವತ್ತೇ ಮೊದ್ಲು."

ಹನ್ನೊಂದು ದಿನ ಸರದಿಯ ಮೇಲೆ ಅಲ್ಲೇ ಕೂತರು, ಅಲ್ಲೇ ಒಲೆ ಹೂಡಿದರು. ಸಸಿ ತಂದವರು ಸಸಿಯೊಂದಿಗೇ ವಾಪಸ್ಸು ಹೋದರು. ಆಮೇಲೂ ಸುಮ್ಮನಿರದೆ ಬೇಸಿಗೆಯ ಪೂರ್ತಿ ಮಂಕರಿಯಲ್ಲಿ ಹೂಳು ಹೊತ್ತರು. ಎರಡು ವರ್ಷ ಬಿಟ್ಟು ಕೆರೆ ತುಂಬಿ ಕೋಡಿ ಬಿತ್ತು.

ಶಿವಣ್ಣ ಜಗಲಿಯ ಕಂಬಕ್ಕೆ ಒರಗಿ ಕೇಳುತ್ತಿದ್ದವರು, "ನಲವತ್ತು ಗುಂಡಿ ತೆಗ್ಸಿದ್ದೆ ನಾನು," ಎಂದರು. "ಅತ್ತಿಗಮ್ಮನ ಜೊತೆ ಎಂಟು ತಿಂಗಳು ಮಾತು ಬುಟ್ಟಿದ್ದೆ. ಇವತ್ತು ನನ್ ಬೋರಲ್ಲಿ ನೀರೈತೆ ಅಂದ್ರೆ ಅವಳು ಕೂತಿದ್ದಕ್ಕೇ. ಅವಳ ಮುಂದೆ ಇದನ್ನ ಹೇಳಿರ್ಲಿಲ್ಲ, ಈಗ ಹೇಳ್ದೆ ನೋಡಿ."

ಗಂಗಮ್ಮ ಅವರ ಕಡೆ ತಿರುಗಲಿಲ್ಲ. "ಮುದ್ದೆಗೆ ಎಸರಿಡ್ತೀನಿ," ಎಂದು ಒಳಗೆ ಹೋದರು. ಆ ದಿನ ಮುದ್ದೆ, ಹುರುಳಿಕಾಳಿನ ಸಾರು ಉಂಡು ಅವರ ಮನೆಯಲ್ಲೇ ಉಳಿದೆ.

ಕಲ್ಲು ಕಾಣದಿದ್ದರೂ ಅದನ್ನು ಓದಿದವರು ಇದ್ದರಲ್ಲ. ಸರೋಜಮ್ಮ ಟೀಚರು ನಿವೃತ್ತರಾಗಿ ಚಿಕ್ಕನಾಯಕನಹಳ್ಳಿಯಲ್ಲಿದ್ದಾರೆಂದು ಗಂಗಮ್ಮನೇ ಹೇಳಿದರು. ಮರುದಿನ ಬೆಳಿಗ್ಗೆ ತುರುವೇಕೆರೆಗೆ ಬಂದು, ಕೆ.ಬಿ. ಕ್ರಾಸಿನ ಮೇಲೆ ಹುಳಿಯಾರಿಗೆ ಹೋಗುವ ಬಸ್ಸು ಹಿಡಿದು ಚಿಕ್ಕನಾಯಕನಹಳ್ಳಿಯಲ್ಲಿ ಇಳಿದೆ. ಟೀಚರ ಮನೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆ.

ನಾನು ಗಂಗಮ್ಮನ ಹೆಸರು ಹೇಳುತ್ತಲೇ ಸರೋಜಮ್ಮನವರ ಮುಖ ಬೆಳಗಿತು. ಕಲ್ಲಿನ ವಿಷಯ ಎತ್ತಿದಾಗ ಎದ್ದು ಒಳಗೆ ಹೋದರು. ಬೀರುವಿನಿಂದ ಹಳೆಯ ನೋಟ್ ಪುಸ್ತಕವೊಂದನ್ನು ತಂದರು. ಕಲ್ಲಿಗೆ ಅಕ್ಕಿಹಿಟ್ಟು ಸವರಿ ಅಕ್ಷರ ಎದ್ದು ಕಾಣುವಂತೆ ಮಾಡಿ ಸಾಲು ಸಾಲಾಗಿ ಬರೆದುಕೊಂಡದ್ದು. ನಾನು ಎರಡು ಸಲ ಓದಿದೆ. ಹೆಸರಿದ್ದ ಜಾಗ ಚಕ್ಕೆ ಎದ್ದು ಹೋಗಿತ್ತು. ಯಾರೋ ಗೌಡನ ಮಗಳು ಎಂಬುದಷ್ಟೇ ಉಳಿದಿತ್ತು. ಆದರೆ ಅವಳು ಕೆರೆ ಕಟ್ಟಿಸಿದಳೆಂದು ಅದರಲ್ಲಿ ಇರಲಿಲ್ಲ. ಕೆರೆ ಅವಳಿಗಿಂತ ಹಳೆಯದು. ಪ್ರತಿವರ್ಷ ಹೂಳು ತೆಗೆಯುವ ಗಾಡಿಗೆ, ಎತ್ತಿಗೆ, ಗಾಡಿ ಹೊಡೆಯುವವನ ಅನ್ನಕ್ಕೆ ಎಂದು ಅವಳು ತನ್ನ ಗದ್ದೆ ಬಿಟ್ಟುಕೊಟ್ಟಿದ್ದಳು.

"ಸಭೇಲಿ ನಾನು ಸರಿಯಾಗೇ ಓದ್ದೆ," ಎಂದರು ಸರೋಜಮ್ಮ. "ಕೆರೆ ಕಟ್ಟಿಸಿದ್ದೇ ಆ ಹೆಂಗಸು ಅಂತ ಗಂಗಮ್ಮ ತಿಳ್ಕೊಂಡ್ರು. ತಿದ್ದೋಣ ಅಂತ ಬಾಯಿ ತೆಗೆಯೋ ಹೊತ್ತಿಗೆ ಅವರು ತೂಬಿನ ಕಡೆ ಹೋಗಿಬಿಟ್ಟಿದ್ರು. ಆಮೇಲೆ ಒಬ್ಬೊಬ್ಬರಾಗಿ ಉಳಿದ ಹೆಂಗಸ್ರೂ ಹೋದ್ರು. ಆಗ ಹೇಳಿದ್ರೆ ಗಂಡಸ್ರು, ಟೀಚರೇ ಅದು ಸುಳ್ಳು ಅಂದ್ರು ಅಂತ ಏರಿ ಒಡೀತಿದ್ರು. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ಎರಡು ಸಲ ಆ ಊರಿಗೆ ಹೋಗ್ಬೇಕು ಅಂತ ಹೊರಟು ಬಸ್ ಸ್ಟ್ಯಾಂಡಿಂದ ವಾಪಸ್ ಬಂದಿದೀನಿ."

ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ತಪ್ಪನ್ನು ಯೋಚಿಸದೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದವಳು ನಾನು. ಇಲ್ಲಿ ಒಂದು ತುಂಬಿದ ಕೆರೆಯೇ ಆ ತಪ್ಪಿನ ಮೇಲೆ ನಿಂತಿತ್ತು.

"ನಾನು ಅವರಿಗೆ ಹೇಳಲಾ?" ಎಂದು ಕೇಳಿದೆ.

ಅವರು ನೋಟ್ ಪುಸ್ತಕ ಮುಚ್ಚುತ್ತ, "ಹೇಳಿ," ಎಂದರು. "ನನ್ನಿಂದಂತೂ ಆಗ್ಲಿಲ್ಲ."

ವಾಪಸ್ಸು ಕೆ.ಬಿ. ಕ್ರಾಸಿನಲ್ಲಿ ಇಳಿದಾಗ ಹನ್ನೆರಡೂವರೆ. ಒಂದು ಬದಿಗೆ ತಿಪಟೂರಿನ ಬಸ್ಸು. ಹತ್ತಿದ್ದರೆ ಅರಸೀಕೆರೆಯಲ್ಲಿ ಸಂಜೆಯ ರೈಲು ಸಿಗುತ್ತಿತ್ತು. ಚಿತ್ರಾನ್ನದ ಪೊಟ್ಟಣ ಕಟ್ಟಿಸಿಕೊಂಡು ನಿಂತೇ ತಿಂದೆ. ನಿಜ ತಿಳಿದರೆ ಆ ಮುದುಕಿ ನೊಂದಾರು ಎಂದು ಭಯ. ಹೇಳದೆ ಹೋದರೆ ಗೋಡೆಯ ಮೇಲೆ ಏನು ಬರೆಯಲಿ? ತಿಪಟೂರಿನ ಬಸ್ಸು ಹೋಯಿತು. ತುರುವೇಕೆರೆಯ ಬಸ್ಸು ಬಂದಾಗ ಹತ್ತಿದೆ.

ಗಂಗಮ್ಮ ಅಂಗಳದಲ್ಲಿ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಟೀಚರು ಬಸ್ ಸ್ಟ್ಯಾಂಡಿನಿಂದ ಹಿಂದಿರುಗಿದ್ದನ್ನೂ. ಅವರ ಕೈ ನಿಂತಿತು.

"ಗಾಡಿ, ಎತ್ತು, ಎಲ್ಲ ಬರ್ದೈತಾ?"

"ಎಲ್ಲ ಇದೆ."

"ಗಾಡಿ ಹೊಡೆಯೋನ ಊಟಾನೂ?"

"ಅದೂ ಇದೆ."

"ಅಂಗಾದ್ರೆ ಆ ಹೆಂಗಸು ಬುದ್ಧಿವಂತೆ ಕಣವ್ವ," ಎಂದರು. "ಕೆರೆ ಕಟ್ಟೋದು ಒಂದು ಸಲ ಆಗೋಯ್ತದೆ. ಹೂಳು ವರ್ಸ ವರ್ಸ ಬತ್ತದೆ. ಹೂಳು ಹೊತ್ತೋಳ್ಗೆ ಅದು ಗೊತ್ತು." ಗರಿಯನ್ನು ಪಕ್ಕಕ್ಕೆ ಸರಿಸಿ, "ಆ ಟೀಚರಮ್ಮಂಗೆ ಫೋನ್ ಹಚ್ಚಿ," ಎಂದರು.

ಟೀಚರು ಕೊಟ್ಟಿದ್ದ ನಂಬರಿಗೆ ಹಚ್ಚಿಕೊಟ್ಟೆ. ಗಂಗಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಮಾತಾಡಿದರು. "ನಾನು ಕಣಮ್ಮ, ಗಂಗಮ್ಮ. ಇಷ್ಟು ವರ್ಸ ಒಬ್ಬಳೇ ಇಟ್ಕಂಡು ಕೊರಗಿದ್ಯಾ ತಾಯಿ? ನಾನೇ ತಪ್ಪಾಗಿ ಕೇಳಿಸ್ಕಂಡಿದ್ದು, ನೀನು ಸರಿಯಾಗೇ ಓದಿದ್ದೆ. ಬೇಸಿಗೆಗೆ ನೀರು ಇಳೀತದೆ, ಬಾ. ಎಲ್ರ ಮುಂದೆ ಇನ್ನೊಂದು ಸಲ ಓದು. ಹುಡುಗೀರಿಗೆ ಗೊತ್ತಾಗ್ಬೇಕು."

ಆ ಕಡೆಯಿಂದ ಅಳು ಕೇಳಿಸಿತು. ಗಂಗಮ್ಮ ಫೋನ್ ಇಡಲಿಲ್ಲ. ಸರೋಜಮ್ಮನ ಮಂಡಿನೋವು ವಿಚಾರಿಸಿದರು, ತಮ್ಮ ಸೊಂಟನೋವು ಹೇಳಿಕೊಂಡರು, ಆ ಹನ್ನೊಂದು ದಿನ ಯಾರ್ಯಾರು ಬಂದಿದ್ದರು, ಅವರಲ್ಲಿ ಯಾರ್ಯಾರು ಈಗಿಲ್ಲ ಎಂದು ಒಬ್ಬೊಬ್ಬರ ಹೆಸರನ್ನೂ ಹೇಳಿದರು. ನಾನು ಬ್ಯಾಗಿನಿಂದ ಪೆನ್ನು ತೆಗೆದು ಆ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತ ಕೂತೆ. ಊರಿನ ಮುಂದೆ ನಾಲ್ಕು ಗಂಟೆಯ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಇನ್ನೊಂದು ಬರಲು ಒಂದು ಗಂಟೆಯಿದೆ ಎಂದು ಶಿವಣ್ಣ ಬಾಗಿಲಿನಿಂದಲೇ ಹೇಳಿ, ಕುಡಿಯಲು ಮಜ್ಜಿಗೆ ತಂದುಕೊಟ್ಟರು.