ನಲವತ್ತರ ಬೋರ್ಡಿಗೆ ಬಾಳೆಕಂಬ

ಅಲ್ಲಿಯವರೆಗೆ ಸರ್ಕಾರ ನನ್ನ ಫೋಟೊ ತೆಗೆದದ್ದು ಮೂರೇ ಸಲ. ಆಧಾರ್ ಕಾರ್ಡಿಗೊಮ್ಮೆ, ರೇಷನ್ ಕಾರ್ಡಿಗೊಮ್ಮೆ, ಡ್ರೈವಿಂಗ್ ಲೈಸೆನ್ಸಿಗೊಮ್ಮೆ. ಮೂರು ಸಲವೂ ನೆಟ್ಟಗೆ ಕೂರಿಸಿ, ಸೆರಗು ಸರಿಮಾಡಿಸಿ, ನಗಬೇಡಿ ಎಂದು ಹೇಳಿ ತೆಗೆದಿದ್ದರು. ನಾಲ್ಕನೆಯದನ್ನು ಮಾತ್ರ ಹೇಳದೆ ಕೇಳದೆ ಹಿಂದಿನಿಂದ ತೆಗೆದರು. ಶಾಲೆಯ ಮ್ಯಾನೇಜರ್ ತಮ್ಮ ಮೊಬೈಲಿಗೆ ಬಂದ ಸಂದೇಶವನ್ನು ನನಗೆ ಕಳಿಸಿದ್ದರು. ಒತ್ತಿ ನೋಡಿದರೆ ನಾನು ಓಡಿಸುವ ಹಳದಿ ವ್ಯಾನಿನ ಬೆನ್ನು, ಅದರ ಕೆಳಗೆ ಎರಡು ಅಂಕಿ. ಮಿತಿ ನಲವತ್ತು, ವೇಗ ಐವತ್ತೆಂಟು. ಚಿತ್ರದಲ್ಲಿ ವ್ಯಾನು ಎಷ್ಟು ಸಾಧುವಾಗಿ ನಿಂತಿತ್ತೆಂದರೆ ಅದು ಓಡುತ್ತಿದೆ ಎಂದೇ ನನಗೆ ಅನಿಸಲಿಲ್ಲ.

ಸಿಂದಗಿ ಕಡೆಯ ನನ್ನ ಜನರಿಗೆ ಇದನ್ನು ಬರೆಯುತ್ತಿದ್ದೇನೆ. ಗಂಡನಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ನಾವು ಈ ಕಡೆ ಬಂದು ಮೂರು ವರ್ಷವಾಯಿತು. ತವರಿನಲ್ಲಿ ಅಪ್ಪನ ಟಂಟಂ ಆಟೊ ಓಡಿಸಿ ನನ್ನ ಕೈ ಪಳಗಿತ್ತು. ಇಲ್ಲಿ ಶಾಲೆಯೊಂದರ ವ್ಯಾನಿಗೆ ಡ್ರೈವರ್ ಬೇಕೆಂದಾಗ ಹೋಗಿ ನಿಂತೆ. ಮೊದಲ ತಿಂಗಳು ಮೂವರು ತಾಯಂದಿರು ಸರದಿಯ ಮೇಲೆ ವ್ಯಾನಿನಲ್ಲಿ ಕೂತು ನನ್ನ ಗೇರು, ಬ್ರೇಕು ಎಲ್ಲ ಪರೀಕ್ಷೆ ಮಾಡಿದರು. ನಾಲ್ಕನೆಯ ವಾರ ಅವರಲ್ಲೊಬ್ಬಳು, "ಎಣ್ಮಗಳು ಓಡ್ಸಿದ್ರೇ ವಾಸಿ ಕಣ್ರೀ, ಮಕ್ಳು ನಿದ್ದೆ ಮಾಡ್ಕಂಡ್ ಬತ್ತವೆ" ಎಂದಳು. ಆ ಸಂಜೆ ನಾನು ಮನೆಯಲ್ಲಿ ಸಿಹಿಗೆಂದು ಸಜ್ಜಕ ಮಾಡಿದ್ದೆ.

ಈ ಸೀಮೆಯ ನೀರು ನೋಡಿ ನನ್ನ ಕಣ್ಣು ಇನ್ನೂ ತಣಿದಿಲ್ಲ. ಬಂದ ಹೊಸತರಲ್ಲಿ ಕಪಿಲಾ ನದಿಯ ದಂಡೆಯಲ್ಲಿ ನಿಂತು, ಇಷ್ಟು ನೀರು ಯಾರ ಅನುಮತಿಯೂ ಇಲ್ಲದೆ ಹಗಲೂ ರಾತ್ರಿ ಹೀಗೇ ಹರಿಯುತ್ತದೆಯೇ ಎಂದು ಬೆರಗಾಗಿದ್ದೆ. ರಸ್ತೆಯ ಪಕ್ಕ ನಾಲೆ, ನಾಲೆಯ ಪಕ್ಕ ಗದ್ದೆ, ಗದ್ದೆಯ ಬದುವಿನ ಮೇಲೆ ಬಾಳೆ. ನಮ್ಮ ಕಡೆ ಮೈಲುಗಟ್ಟಲೆ ಹೋದರೂ ಕಣ್ಣಿಗೆ ತಡೆಯಿಲ್ಲ. ಬಯಲು ತನ್ನನ್ನು ಪೂರ್ತಿ ತೋರಿಸಿಕೊಂಡು ಮಲಗಿರುತ್ತದೆ. ಇಲ್ಲಿ ಹಸಿರು ಎಲ್ಲವನ್ನೂ ಅರ್ಧ ಮುಚ್ಚಿರುತ್ತದೆ. ಊಟದಲ್ಲಿ ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಜೋಳದ ಹಿಟ್ಟು ಈಗಲೂ ಊರಿನಿಂದ ಬಸ್ಸಿನಲ್ಲೇ ಬರುತ್ತದೆ. ಮಾತು ಮಾತ್ರ ಬೇಗ ಹತ್ತಿತು. ಮಕ್ಕಳನ್ನು ಇವರು ಐಕ್ಳು ಎನ್ನುತ್ತಾರೆ. ನಾನು ಅವರ "ಬತ್ತೀನಿ" ಕಲಿತೆ, ನನ್ನ ವ್ಯಾನಿನ ಐಕ್ಳು ನನ್ನ "ಹೌದ್ರಿ" ಕಲಿತವು. ನೀವು ಯಾವ ಕಡೆಯವರು ಎಂದು ಯಾರಾದರೂ ಕೇಳಿದರೆ, ಇದೇ ಕಡೆಯವಳು ಎಂದು ಜಂಬದಿಂದ ಹೇಳುವಷ್ಟು ಮುಂದುವರಿದಿದ್ದೆ.

ಇನ್ನು ಆ ಫೋಟೊದ ವಿಷಯ. ಅದೊಂದು ಭಾನುವಾರ. ಸೀಟುಗಳಿಗೆ ಹೊಸ ರೆಕ್ಸಿನ್ ಹೊದಿಸಲು ಖಾಲಿ ವ್ಯಾನನ್ನು ತಿ. ನರಸೀಪುರಕ್ಕೆ ಕೊಂಡೊಯ್ಯುತ್ತಿದ್ದೆ. ನನ್ನ ದಿನನಿತ್ಯದ ದಾರಿ ತಾಂಡವಪುರದ ಕಡೆಗೆ. ಈ ರಸ್ತೆ ನನಗೆ ಹೊಸದು. ಅರವತ್ತರ ಬೋರ್ಡು ಕಂಡಿತ್ತು, ಅದರೊಳಗೇ ಇದ್ದೆ. ಮುಂದೆ ಒಂದು ಚಿಕ್ಕ ಹಳ್ಳಿಯ ಹತ್ತಿರ ಮಿತಿ ನಲವತ್ತಕ್ಕೆ ಇಳಿಯುತ್ತದಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಆ ಬೋರ್ಡು ನನಗೆ ಕಾಣಲಿಲ್ಲ. ಅದರಾಚೆ ತಿರುವಿನಲ್ಲಿ ವೇಗ ಅಳೆಯುವ ಯಂತ್ರವಿಟ್ಟುಕೊಂಡು ನಿಂತಿದ್ದ ಪೊಲೀಸ್ ಜೀಪಿಗೆ ನಾನು ಚೆನ್ನಾಗಿಯೇ ಕಂಡೆ.

"ದಂಡ ಏನ್ ದೊಡ್ದಲ್ಲ ಕಣಮ್ಮ, ನಾವೇ ಕಟ್ತೀವಿ" ಎಂದರು ಮ್ಯಾನೇಜರ್. ಒಳ್ಳೆಯ ಮನುಷ್ಯ, ಮುಖ ಕೊಟ್ಟು ಮಾತಾಡಲಾಗದೆ ರಿಜಿಸ್ಟರ್ ತಿರುವುತ್ತಿದ್ದರು. "ಆದ್ರೆ ಕಟ್ಟುದ್ರೆ ತಪ್ಪು ಒಪ್ಕೊಂಡಂಗೆ. ಸ್ಪೀಡ್ ಕೇಸ್ ಇರೋರ ಕೈಗೆ ಮಕ್ಕಳ ವ್ಯಾನ್ ಕೊಡಂಗಿಲ್ಲ ಅಂತ ನಮ್ ಕಮಿಟಿ ರೂಲ್ಸು. ಇಲ್ಲ, ತಪ್ಪಿಲ್ಲ ಅಂತ ಕೋರ್ಟಲ್ಲಿ ತೋರುಸ್ಬೇಕು. ಪತ್ರ ಬೇಕಾದ್ರೆ ಬರ್ಕೊಡ್ತೀನಿ."

ಮನೆಯಲ್ಲಿ ಗಂಡ, "ಕೋರ್ಟು ಗೀರ್ಟು ಯಾಕ? ಬ್ಯಾರೆ ಕೆಲಸ ಸಿಗತಾವ ಬಿಡ" ಎಂದ.

"ಕೆಲಸ ಸಿಗತಾವ. ಆ ಇಪ್ಪತ್ತೆರಡು ಹುಡುಗರು ಸಿಗತಾವೇನು?" ಎಂದೆ. ಅವರ ತಾಯಂದಿರಿಗೆ ಏನು ಹೇಳುವುದು ಎಂಬುದು ಇನ್ನೂ ದೊಡ್ಡ ಸಂಕಟವಾಗಿತ್ತು. ಜೋರು ಓಡಿಸುವವಳು ಎಂಬ ಹೆಸರು ಒಮ್ಮೆ ಬಂದರೆ ಅದು ನನ್ನ ಹಿಂದೆಯೇ ಸುತ್ತುತ್ತದೆ. ದಂಡ ಒಪ್ಪುವುದಿಲ್ಲ ಎಂದು ಠಾಣೆಯಲ್ಲಿ ಅರ್ಜಿ ಕೊಟ್ಟೆ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಅರ್ಜಿ ತೆಗೆದುಕೊಂಡು, ಬೋರ್ಡು ಕಾಣಲಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಯಾಕೆ ಕಾಣಲಿಲ್ಲ ಎಂದು ತೋರಿಸಬೇಕು ಎಂದರು.

ಮುಂದಿನ ಭಾನುವಾರ ಬಸ್ಸು ಹತ್ತಿ ಆ ಹಳ್ಳಿಯಲ್ಲಿ ಇಳಿದೆ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಬೋರ್ಡು ಸಿಕ್ಕಿತು. ಅದರ ಕಂಬಕ್ಕೆ ಒಂದು ಆಳೆತ್ತರಕ್ಕೂ ಮೀರಿದ ಬಾಳೆಕಂಬವನ್ನು ಹಗ್ಗದಿಂದ ಬಿಗಿದಿದ್ದರು. ಎಲೆಗಳು ಒಣಗಿ ಜೋತು ಬಿದ್ದಿದ್ದವು. ಅವುಗಳ ಸಂದಿಯಿಂದ ನಲವತ್ತರ ಸೊನ್ನೆ ಮಾತ್ರ ಇಣುಕುತ್ತಿತ್ತು. ವಾರದ ಹಿಂದೆ, ಎಲೆ ಹಸಿಯಾಗಿ ಅಗಲವಾಗಿದ್ದಾಗ, ಆ ಸೊನ್ನೆಯೂ ಕಂಡಿರಲಾರದು. ರಸ್ತೆಯ ಆಚೆ ಬದಿಯ ವಿದ್ಯುತ್ ಕಂಬಕ್ಕೆ ಅದರ ಜೋಡಿ ಬಾಳೆ. ನಡುವೆ ಹರಿದ ಮಾವಿನ ತೋರಣ. ನಮ್ಮ ಕಡೆ ಮದುವೆಗೆ ಬಾಳೆಕಂಬವನ್ನು ಪೇಟೆಯಿಂದ ತರಿಸಿ, ಆಡು ಮೇಯದ ಹಾಗೆ ಹಂದರದ ಒಳಗೆ ಕಟ್ಟಿ, ಒಬ್ಬರನ್ನು ಕಾವಲಿಗೆ ಕೂರಿಸುತ್ತಾರೆ. ಇಲ್ಲಿಯವರು ಅದನ್ನು ಡಾಂಬರು ರಸ್ತೆಗೆ ತಂದು ಸರ್ಕಾರದ ಬೋರ್ಡಿಗೇ ಕಟ್ಟಿಬಿಡುತ್ತಾರೆ. ಸಿಟ್ಟು ಬರಬೇಕಾಗಿತ್ತು. ನನಗೆ ಮಾತ್ರ, ಎಂಥ ಧಾರಾಳಿಗಳಪ್ಪ ಇವರು, ಎನಿಸಿತು.

ಮದುವೆಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಮದುವೆಯ ಹೂವಿನ ಹಾರ. ಮದುಮಗಳ ತಂದೆ ಮಾದೇಶ ಊರಿನ ನೀರುಗಂಟಿ. ಅಂದರೆ ಮನೆಮನೆಗೆ ನೀರು ಬಿಡುವ ಪಂಚಾಯಿತಿ ನೌಕರ. ನಾನು ನನ್ನ ಕತೆ ಹೇಳಿದೆ. ಬಾಳೆಕಂಬ ಕಟ್ಟಿದ್ದು ನಿಜವೆಂದು ಯಾರಾದರೊಬ್ಬರು ಬಂದು ಹೇಳಬೇಕಿತ್ತು.

ಮಾದೇಶ ಒಮ್ಮೆ ಚಪ್ಪರದ ಕಡೆ ನೋಡಿದ. ಆಮೇಲೆ, "ಅಕ್ಕಾ, ತಪ್ ತಿಳ್ಕಬ್ಯಾಡಿ. ನಂದು ಇನ್ನೂ ಪರ್ಮನೆಂಟ್ ಆಗಿಲ್ಲ. ಸರ್ಕಾರದ್ ಬೋರ್ಡ್ ಮುಚ್ದೋನು ನೀನೇನಾ ಅಂತ ನನ್ ಮ್ಯಾಲೇ ಕೇಸ್ ಜಡುದ್ರೆ ನಾನ್ ಎಲ್ಲಿಗ್ ಓಗ್ಲಿ?" ಎಂದ.

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ನನ್ನ ಕೆಲಸ ಉಳಿಸಲು ಅವನ ಕೆಲಸ ಕೇಳಿದ ಹಾಗಾಗಿತ್ತು. ನಾನು ಏಳಬೇಕೆನ್ನುವಷ್ಟರಲ್ಲಿ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವನ ತಾಯಿ ಕೆಂಪಮ್ಮ ತಲೆ ಎತ್ತಿದರು.

"ಕುತ್ಕೊ ಕೂಸೇ, ಎಲ್ಲಿಗ್ ಎದ್ದೆ? ನಾನ್ ಬತ್ತೀನಿ."

"ಅವ್ವಾ, ನೀನ್ ಸುಮ್ಕಿರು" ಎಂದ ಮಗ.

"ನೀನ್ ಸುಮ್ಕಿರ್ಲಾ. ನಮ್ಮನೆ ಬಾಳೆಕಂಬ್ದಿಂದ ಇನ್ನೊಬ್ರ ಮನೆ ಒಲೆ ಆರೋದ್ರೆ, ಆ ಮದ್ವೆ ಉಂಡಿದ್ದು ಮೈಗತ್ತದಾ?"

ನಾನು ಯಾರು, ಯಾವ ಕುಲ, ಯಾವ ಊರು, ಏನನ್ನೂ ಅವರು ಕೇಳಿರಲಿಲ್ಲ. ಕೇಳಿದ್ದು ಒಂದೇ, ಉಂಡಿದ್ದೀಯಾ ಎಂದು. ನಮ್ಮಲ್ಲಿ ಕೋರ್ಟಿನ ಹೆಸರೆತ್ತಿದರೆ ಒಡಹುಟ್ಟಿದವರೂ ಬಾಗಿಲು ಮುಚ್ಚಿಕೊಳ್ಳುವುದನ್ನು ಕಂಡವಳು ನಾನು. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ.

ವಿಚಾರಣೆಯ ದಿನ ಕೆಂಪಮ್ಮ ಬೆಳಗಿನ ಬಸ್ಸಿಗೇ ನಂಜನಗೂಡಿಗೆ ಬಂದಿಳಿದರು. ಹೊಸ ಸೀರೆ, ಬಗಲಲ್ಲಿ ಮದುವೆಯ ಆಲ್ಬಮ್. ಕೋರ್ಟಿನ ಮೆಟ್ಟಿಲನ್ನು ನನಗಿಂತ ಮುಂದಾಗಿ ಅವರೇ ಹತ್ತಿದರು. ನ್ಯಾಯಾಧೀಶರು ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರ ಮುಂದೆ ಕಡತಗಳು ಎದೆಮಟ್ಟ ಇದ್ದವು. ಇಷ್ಟರ ನಡುವೆ ಹಳದಿ ವ್ಯಾನಿನ ಗೋಳನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದರು. ಪೆನ್ನು ಕೆಳಗಿಟ್ಟು ಕೇಳಿದರು.

"ಬೋರ್ಡಿಗೆ ಬಾಳೆಕಂಬ ಕಟ್ಟಿದ್ದು ನೀವೇನಾ?" ಎಂದು ಕೆಂಪಮ್ಮನನ್ನು ಕೇಳಿದರು.

"ಕಟ್ದೋರು ಯಾರಾದ್ರೇನು ತಾಯಿ, ಕಟ್ಟಿ ಅಂದೋಳು ನಾನು."

ಪಕ್ಕದಲ್ಲಿದ್ದ ಜವಾನ, "ಮೇಡಮ್ ಅನ್ನಬೇಕು ಅಜ್ಜಿ" ಎಂದು ಪಿಸುಗುಟ್ಟಿದ. ನ್ಯಾಯಾಧೀಶರು, ಇರಲಿ ಎನ್ನುವಂತೆ ಕೈ ಮಾಡಿ, ಅಜ್ಜಿಗೆ ಕುರ್ಚಿ ಹಾಕಿಸಿದರು.

"ಅದು ಸರ್ಕಾರದ ಬೋರ್ಡು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಗಟ್ಟಿಯಾಗಿತ್ತು ಅಂತಾನೇ ಕಟ್ಟಿಸ್ದೆ. ತಪ್ಪೇ ಆಯ್ತು. ಅದ್ಕೆ ಏನ್ ಬರುಸ್ಕೊಂಡ್ರೂ ನನ್ ಎಸ್ರಿಗೆ ಬರುಸ್ಕಳಿ. ಈ ಎಣ್ಮಗಳ ಎಸ್ರಿಗೆ ಬ್ಯಾಡಿ, ನನ್ ಮಗನ್ ಎಸ್ರಿಗೂ ಬ್ಯಾಡಿ."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನ್ಯಾಯಾಧೀಶರು ಆಲ್ಬಮ್ ತೆರೆದು, ಮದುಮಗಳು ತೋರಣದ ಕೆಳಗೆ ನಿಂತ ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದರು. ಬೋರ್ಡಿನ ಜಾಗದಲ್ಲಿ ಹಸಿರು ಬಿಟ್ಟು ಇನ್ನೇನೂ ಇರಲಿಲ್ಲ. ಪೊಲೀಸರ ಕಡೆಯವರೂ, ಜೀಪು ಬೋರ್ಡಿನಾಚೆ ತಿರುವಿನಲ್ಲಿ ನಿಂತದ್ದರಿಂದ ಅದು ಮರೆಯಾದದ್ದು ತಮಗೆ ಕಂಡಿರಲಿಲ್ಲ ಎಂದು ಒಪ್ಪಿದರು. ನನ್ನನ್ನು ಕೇಳಿದ ಪ್ರಶ್ನೆ ಒಂದೇ.

"ಬೋರ್ಡು ಕಂಡಿತ್ತಾ?"

"ಇಲ್ರಿ, ಬೋರ್ಡು ಕಾಣಸ್ಲಿಲ್ರಿ."

ನಿಜವನ್ನೇ ಹೇಳಿದ್ದೆ. ದಂಡ ರದ್ದಾಯಿತು. ಇನ್ನು ಮೇಲೆ ರಸ್ತೆ ಬೋರ್ಡಿಗೆ ಏನನ್ನೂ ಕಟ್ಟಕೂಡದು ಎಂದು ಕೆಂಪಮ್ಮನಿಗೆ ಬುದ್ಧಿ ಹೇಳಿ ಕಳಿಸಿದರು. ಯಾರ ಹೆಸರಿಗೂ ಏನೂ ಬರೆಯಲಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಒಂದು ಬಾಳೆಕಂಬದ ಮಾತನ್ನು ಇಷ್ಟು ಗೌರವದಿಂದ ಕೇಳುವ ಜಾಗವೊಂದಿದೆಯಲ್ಲ ಎಂದು ನನ್ನ ಮೈ ಜುಮ್ಮೆಂದಿತು. ಮ್ಯಾನೇಜರಿಗೆ ಫೋನು ಮಾಡಿ, ನಾಳೆಯಿಂದ ವ್ಯಾನು ನಾನೇ ತರುತ್ತೇನೆ ಎಂದೆ.

ಹೊರಗೆ ಬಂದು ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಕೆಂಪಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿ ಊದಿ ಕುಡಿದರು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣವ್ವ. ಬೋರ್ಡ್ ಕಾಣ್ನಿಲ್ಲ, ಸರಿ. ಬಾಳೆಕಂಬ ಕಾಣ್ನಿಲ್ವಾ?"

ನಾನು ಲೋಟ ಕೆಳಗಿಟ್ಟೆ. ಕಂಡಿತ್ತು. ತೋರಣವೂ ಕಂಡಿತ್ತು. ಅಡಿಯಲ್ಲಿ ಹಾದುಹೋಗುವಾಗ, ಎಷ್ಟು ಚೆಂದ ಎಂದುಕೊಂಡದ್ದೂ ನೆನಪಿದೆ.

"ಕಂಡಿತ್ತಜ್ಜಿ."

"ಬಾಳೆಕಂಬ ಅಂದ್ರೆ ಮದ್ವೆ ಮನೆ ಅಂತ. ಜನ ಅಡ್ಡಾಡ್ತಾರೆ, ಐಕ್ಳು ಓಡಾಡ್ತವೆ. ನಮ್ ಕಡೆ ಗಾಡಿಯೋರು ಅದ್ನ ಕಂಡೇ ನಿಧಾನ ಮಾಡ್ತಾರೆ. ಬೋರ್ಡ್ ಯಾರ್ ಓದಾರು?"

ಬೈಗುಳವಿರಲಿಲ್ಲ ಆ ಮಾತಿನಲ್ಲಿ. ನನಗೆ ಗೊತ್ತಿದ್ದೀತು ಎಂದುಕೊಂಡಿದ್ದರು, ಅಷ್ಟೇ. ಬದುವಿನ ಮೇಲೆ ಬಾಳೆ, ಹಿತ್ತಲಲ್ಲಿ ಬಾಳೆ, ಗಾಡಿಯ ತುಂಬ ಬಾಳೆ ಇರುವ ಸೀಮೆಯಲ್ಲಿ, ಕಟ್ಟಿ ನಿಲ್ಲಿಸಿದ ಬಾಳೆ ನನಗೆ ಬರೀ ಇನ್ನೊಂದು ಹಸಿರಾಗಿತ್ತು. ಮಕ್ಕಳ ಜೀವ ಕೈಯಲ್ಲಿ ಹಿಡಿದು ಓಡಿಸುವವಳು ನಾನು. ಆ ಮದುವೆಯಲ್ಲೂ ಮಕ್ಕಳಿದ್ದರು. ಒಳಗೆ ಕೋರ್ಟು ನನ್ನನ್ನು ಬಿಟ್ಟಿತ್ತು. ಇಲ್ಲಿ ಹೇಳಲು ನನ್ನ ಬಳಿ ಇದ್ದದ್ದು ಒಂದೇ ಕಾರಣ, ಮೂರು ವರ್ಷದಿಂದ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡು ಬಂದದ್ದು.

"ಅಜ್ಜಿ, ನಾ ಈ ಕಡೆಯಾಕಿ ಅಲ್ರಿ" ಎಂದೆ. ಊರಿಗೆ ಬಂದಾಗ ನೀವೆಲ್ಲ ನನ್ನ ಮಾತು ಕೇಳಿ, ನೀನು ನಮ್ಮವಳಾಗಿ ಉಳಿದಿಲ್ಲ ಎಂದು ನಗುತ್ತೀರಿ. ಇಲ್ಲಿ ನಾನೇ ನನ್ನ ಬಾಯಾರೆ, ಇವರವಳೂ ಅಲ್ಲ ಎಂದು ಒಪ್ಪಿಕೊಂಡಿದ್ದೆ.

ಕೆಂಪಮ್ಮ ನನ್ನ ಮುಖ ನೋಡಿದರು. "ಅದ್ಕೇನೀಗ? ಈಗ್ ಗೊತ್ತಾಯ್ತಲ್ಲ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದರು.

ಬಸ್ ನಿಲ್ದಾಣ ರಸ್ತೆಯ ಆಚೆಗಿತ್ತು. ಎರಡೂ ಕಡೆಯಿಂದ ಗಾಡಿಗಳು ಬಿಡುವಿಲ್ಲದೆ ಬರುತ್ತಿದ್ದವು. ಅಜ್ಜಿಯನ್ನು ದಾಟಿಸೋಣವೆಂದು ನಾನು ಕೈ ನೀಡುವ ಮೊದಲೇ ಅವರು ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಎತ್ತಿ, ರಸ್ತೆಗಿಳಿದರು. ಲಾರಿ ನಿಂತಿತು, ಬಸ್ಸು ನಿಂತಿತು, ಸ್ಕೂಟರುಗಳು ಕಾಲೂರಿ ನಿಂತವು. "ನೋಡ್ಕಂಡ್ ಬಾ ಮಗ, ನಿಧಾನ" ಎನ್ನುತ್ತ ಅವರು ನನ್ನನ್ನು ದಾಟಿಸಿದರು. ಆಚೆ ಬದಿ ಸೇರಿದ ಮೇಲೂ ಕೈ ಬಿಡಲಿಲ್ಲ.