‘ಕೊಡುವ’ ಎಂದರೆ ಯಾರು ಕೊಡುವುದು?

ಕನ್ನಡ ಮಾಸ್ಟ್ರಾಗಿದ್ದಷ್ಟು ಕಾಲ ನಾನು ಒಂದು ಪದದ ಮೇಲೆ ಹಗೆ ಸಾಧಿಸಿದೆ. ನಮ್ಮ ಕಡೆಯ ಮಕ್ಕಳು ‘ಹೋಗೋಣ’ ಎನ್ನುವಲ್ಲಿ ‘ಹೋಗುವ’ ಎಂದೂ ‘ಕೊಡೋಣ’ ಎನ್ನುವಲ್ಲಿ ‘ಕೊಡುವ’ ಎಂದೂ ಬರೆಯುತ್ತಾರೆ. ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ. “‘ಕೊಡುವ’ ಎಂಬುದು ಅರ್ಧ ಮಾತು, ಮುಂದೊಂದು ನಾಮಪದ ಬೇಕು. ಕೊಡುವ ಕೈ, ಕೊಡುವ ದಿನ,” ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ನಿವೃತ್ತನಾದ ಮೇಲೆ ಆ ಪದ ನನ್ನ ಮೇಲೆ ಸೇಡು ತೀರಿಸಿಕೊಂಡಿತು.

ಬಂಟ್ವಾಳ ಪೇಟೆಯಲ್ಲಿ ನಮ್ಮದೊಂದು ಮಾಳಿಗೆ ಮನೆ. ಕೆಳಗೆ ನಾನು ಮತ್ತು ನನ್ನ ಹೆಂಡತಿ ಸರೋಜ. ಮೇಲೆ ಹಮೀದ, ಅವನ ಹೆಂಡತಿ ಮೈಮುನ. ಹಮೀದ ನನ್ನ ಹಳೆಯ ವಿದ್ಯಾರ್ಥಿ. ರಿಕ್ಷಾ, ಬಸ್ಸುಗಳ ಸೀಟಿಗೆ ಕುಶನ್ ಹಾಕುವ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ದುಡಿದದ್ದು ಖಾಸಗಿ ಶಾಲೆಯಲ್ಲಿ, ಆದ್ದರಿಂದ ಪಿಂಚಣಿ ಎಂಬುದಿಲ್ಲ. ಮಾಳಿಗೆಯ ಬಾಡಿಗೆಯೇ ಪಿಂಚಣಿ. ಅದರಲ್ಲೇ ಸರೋಜಳ ಮದ್ದೂ ಆಗಬೇಕು.

ಕಳೆದ ಮಳೆಗಾಲ ನೇತ್ರಾವತಿ ಉಕ್ಕಿ, ಎಂದಿನಂತೆ ಪೇಟೆ ನೋಡಲು ಬಂದಳು. ಮನೆಗೆ ಬರಲಿಲ್ಲ, ಹಮೀದನ ಅಂಗಡಿಗೆ ಹೋದಳು. ನೀರು ಕುಡಿದ ಫೋಮು ಎಷ್ಟು ಭಾರ ಎಂಬುದು ಹೊತ್ತವರಿಗೇ ಗೊತ್ತು. ಒಣಗಿಸಿದರೂ ವಾಸನೆ ಬಿಡಲಿಲ್ಲ, ಗಿರಾಕಿಗಳು ಬಿಟ್ಟರು. ಆ ತಿಂಗಳು ಬಾಡಿಗೆ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದಾಗ ಅವನೇ ಹೇಳಿದ, “ಬಾಡಿಗೆ ಕೊಡುವ ಮಾಸ್ಟ್ರೇ.”

ಮರುತಿಂಗಳೂ ಕೊಡುವ. ಅದರ ಮರುತಿಂಗಳೂ ಕೊಡುವ. ಈ ಮಾತಿನ ಸೊಗಸನ್ನು ನೀವು ಗಮನಿಸಬೇಕು. ‘ಕೊಡುತ್ತೇನೆ’ ಎಂದಿದ್ದರೆ ಯಾವಾಗ ಎಂದು ಕೇಳಬಹುದಿತ್ತು. ‘ಕೊಡುವುದಿಲ್ಲ’ ಎಂದಿದ್ದರೆ ಜಗಳಕ್ಕಾದರೂ ದಾರಿಯಿತ್ತು. ‘ಕೊಡುವ’ ಎಂದರೆ ನಾವಿಬ್ಬರೂ ಸೇರಿ ಕೊಡುವುದು ಎಂದಾಯಿತು. ನನಗೆ ಬರಬೇಕಾದ ಬಾಡಿಗೆಗೆ ನಾನೇ ಪಾಲುದಾರ. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದಗಳುಂಟು. ‘ಎಂಕುಲು’ ಎಂದರೆ ಕೇಳುವವನನ್ನು ಹೊರಗಿಟ್ಟು ನಾವು, ‘ನಮ’ ಎಂದರೆ ಅವನನ್ನೂ ಸೇರಿಸಿಕೊಂಡು ನಾವು. ನಮ್ಮ ಕನ್ನಡದ ‘ಕೊಡುವ’ದೊಳಗೆ ಕುಳಿತಿರುವುದು ಆ ‘ನಮ’ವೇ ಎಂದು ನನಗೆ ಹೊಳೆದದ್ದು ಆಗ. ಭಾಷಾಶಾಸ್ತ್ರದ ಈ ಸಂಶೋಧನೆಯನ್ನು ಸರೋಜಳಿಗೆ ಸಂಭ್ರಮದಿಂದ ಹೇಳಿದೆ. ಅವಳು ಮದ್ದಿನ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಇದನ್ನು ಮೆಡಿಕಲ್‌ನವರಿಗೂ ಹೇಳಿ ನೋಡಿ,” ಎಂದಳು.

ಹಾಗಾಗಿ ಪಕ್ಕದೂರು ಬಿ.ಸಿ. ರೋಡಿನ ವಕೀಲೆಯೊಬ್ಬರ ಬಳಿಗೆ ಹೋದೆ. ಧಾರವಾಡದ ಕಡೆಯ ಹೆಣ್ಣುಮಗಳು, ಇಲ್ಲಿಗೆ ಮದುವೆಯಾಗಿ ಬಂದವರು. ನಾನು ಏನೇನು ಮಾಡಬಾರದು ಎಂಬುದನ್ನು ಮೊದಲು ಹೇಳಿದರು. ನೀರು, ಕರೆಂಟು ಕಡಿಯಬಾರದು. ಬೀಗ ಬದಲಾಯಿಸಬಾರದು. ಪಾತ್ರೆಪಗಡ ಹೊರಗಿಡಬಾರದು. ಮಾಡಬೇಕಾದದ್ದು ಇಷ್ಟು: ಯಾವ ಯಾವ ತಿಂಗಳು ಎಷ್ಟು ಬಾಕಿ ಎಂದು ವಿವರವಾಗಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸುವುದು, ಉತ್ತರಕ್ಕೆ ಸಮಯ ಕೊಡುವುದು, ಆಮೇಲೂ ಬಾರದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಸೂಲಿಗೆ ದಾವೆ ಹಾಕುವುದು. ಮೂರು ವರ್ಷ ಸುಮ್ಮನೆ ಕುಳಿತರೆ ಹಳೆಯ ಬಾಕಿ ಕೈಬಿಟ್ಟು ಹೋಗುತ್ತದೆ. ಮನೆ ಬಿಡಿಸಬೇಕೆಂದರೆ ಅದಕ್ಕೂ ನೋಟೀಸು, ಅದಕ್ಕೂ ಕೋರ್ಟು. ಕಾನೂನು ಇಷ್ಟು ಸಭ್ಯ ಎಂದು ನನಗೆ ಗೊತ್ತಿರಲಿಲ್ಲ.

“ಕೊಡಂಗಿಲ್ಲ ಅಂದಾನೇನ್ರಿ ಸರ್?” ಎಂದು ಕೇಳಿದರು.

“ಇಲ್ಲ. ‘ಕೊಡುವ’ ಅಂದಿದ್ದಾನೆ.”

ಅವರು ಪೆನ್ನು ಹಿಡಿದು ಕಾದರು. “ಕೊಡುವ... ಮುಂದ?”

“ಮುಂದೆ ಏನಿಲ್ಲ. ಅಷ್ಟೇ.”

“ಅಂದ್ರ ಯಾರ್ ಕೊಡೋದ್ರಿ?”

ನಾನು ಬೋರ್ಡಿನ ಮುಂದೆ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನೇ ಅವರು ಕೇಳಿದ್ದರು. ಅವರು ನಕ್ಕು, ನೋಟೀಸಿನ ಕರಡು ಬರೆದುಕೊಟ್ಟು, “ಬಾಕಿ ಒಪ್ಪಿಕೊಂಡು ಕಂತಿನ್ಯಾಗ ಕೊಡ್ತೀನಿ ಅಂತ ಬರ್ದು ಸಹಿ ಮಾಡಿದ್ರ ಕೋರ್ಟ್ ಬ್ಯಾಡ ನೋಡ್ರಿ,” ಎಂದರು.

ಅಂಚೆ ಕಚೇರಿಯ ತನಕ ಹೋದೆ. ಆಗ ಯೋಚನೆ ಬಂತು: ಈ ನೋಟೀಸು ಮಾಳಿಗೆ ಸೇರಬೇಕಾದರೆ ಪೋಸ್ಟ್‌ಮ್ಯಾನು ನನ್ನ ಗೇಟು ತೆರೆದು, ಜಗಲಿಯಲ್ಲಿ ಕುಳಿತ ನನಗೆ ನಮಸ್ಕಾರ ಹೇಳಿ, ನನ್ನ ಮೆಟ್ಟಿಲನ್ನೇ ಹತ್ತಬೇಕು. ಮೊನ್ನೆಯಷ್ಟೇ ಮೈಮುನ ಸರೋಜಳಿಗೆಂದು ಬಿಸಿ ರೊಟ್ಟಿ ಹಿಡಿದು ಇಳಿದು ಬಂದ ಮೆಟ್ಟಿಲು. ನನಗೆ ನಾಚಿಕೆಯಾಯಿತು. ಕರಡನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದು ನಾನೇ ಮೇಲೆ ಹತ್ತಿದೆ.

ಹಮೀದ ಅದನ್ನು ನಿಧಾನವಾಗಿ ಓದಿದ. “ಇದರಲ್ಲಿ ‘ಸದರಿ ಬಾಡಿಗೆದಾರ’ ಅಂದ್ರೆ ನಾನಾ ಮಾಸ್ಟ್ರೇ?” ಎಂದು ಕೇಳಿದ.

“ಹೌದು ಮಾರಾಯ. ಪೋಸ್ಟಿಗೆ ಹಾಕಲಿಲ್ಲ. ಸರೋಜಳ ಮದ್ದು ಮುಗಿದಿದೆ, ತರಲಿಕ್ಕೆ ನನ್ನ ಹತ್ತಿರ ಇಲ್ಲ.”

ಅವನ ಮುಖ ಸಣ್ಣದಾಯಿತು. “ಅಕ್ಕನ ಮದ್ದಿಗೆ ತೊಂದರೆ ಉಂಟು ಅಂತ ನೀವು ಹೇಳಲೇ ಇಲ್ಲ. ನೀವು ಕೇಳದೇ ಇದ್ದದ್ದು ನೋಡಿ ನಿಮಗೆ ಅವಸರ ಇಲ್ಲ ಅಂತ ತಿಳ್ಕೊಂಡೆ.”

ಕೇಳುವುದು ನನಗೆ ಮರ್ಯಾದೆಯ ಪ್ರಶ್ನೆಯಾಗಿತ್ತು, ಹೇಳುವುದು ಅವನಿಗೆ. ನಡುವೆ ಆ ಒಂದು ಪದವನ್ನು ಇಬ್ಬರೂ ಹಾಸಿ ಹೊದ್ದುಕೊಂಡಿದ್ದೆವು. ಅವನು ಕಾಗದ ತಂದು ಅಲ್ಲೇ ಬರೆದ: ಬಾಕಿ ಬಾಡಿಗೆಯನ್ನು ಪ್ರತಿ ತಿಂಗಳ ಬಾಡಿಗೆಯ ಜೊತೆಗೆ ಕಂತಿನಲ್ಲಿ ಕೊಡುತ್ತೇನೆ. ಸಹಿ ಹಾಕಿದ. ಕೊಡುತ್ತೇನೆ. ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿತ್ತು. ನಾನು ಕಲಿಸಿದ ವ್ಯಾಕರಣ ಕೊನೆಗೂ ಫಲಿಸಿತ್ತು. ಆದರೆ ಆ ವಾಕ್ಯದೊಳಗೆ ಅವನೊಬ್ಬನೇ ನಿಂತಿದ್ದ.

ಮೊದಲ ಕಂತು ಹೇಳಿದ ದಿನವೇ ಬಂತು, ಸರೋಜಳ ಡಬ್ಬಿ ತುಂಬಿತು. ಆಮೇಲಿನದ್ದೂ ಬಂತು. ಆದರೆ ಹಮೀದ ಮೆಟ್ಟಿಲಲ್ಲಿ ಸಿಕ್ಕಿದರೆ ಈಗ ಪುಸ್ತಕದ ಕನ್ನಡ ಮಾತಾಡುತ್ತಿದ್ದ. “ಬರುತ್ತೇನೆ ಸರ್.” ನಾನು ‘ಮಾಸ್ಟ್ರೇ’ ಹೋಗಿ ‘ಸರ್’ ಆಗಿದ್ದೆ. ಬಾಡಿಗೆ ವಸೂಲಾಯಿತು, ಹೋದ ಆ ‘ಮಾಸ್ಟ್ರೇ’ ಯಾವ ಕೋರ್ಟಿನಲ್ಲಿ ವಸೂಲಾಗುತ್ತದೆ ಎಂದು ಆ ವಕೀಲೆಯನ್ನು ಕೇಳಬೇಕೆನಿಸುತ್ತಿತ್ತು.

ಮೊನ್ನೆ ಮುಂಗಾರಿನ ಮೋಡ ಕಟ್ಟಿತು. ಸಂಜೆ ಹಮೀದ ಗೇಟಿನ ಬಳಿ ನಿಂತು ನದಿಯ ಕಡೆ ನೋಡುತ್ತಿದ್ದ. ಹೊಸ ಫೋಮು ತರಿಸಿದ್ದನಂತೆ, ಇಡಲು ಎತ್ತರದ ಜಾಗವಿಲ್ಲವಂತೆ. ಅವನು ಕೇಳಲಿಲ್ಲ, ನನ್ನ ಬಾಯಿಂದಲೇ ಬಂತು:

“ನಮ್ಮ ಜಗಲಿಯಲ್ಲಿ ಇಡುವ.”

ಅವನು ತಿರುಗಿ ನೋಡಿ ಬಾಯಿ ತುಂಬ ನಕ್ಕ. “ಇಡುವ ಅಂದ್ರೆ ಯಾರು ಹೊರುವುದು ಮಾಸ್ಟ್ರೇ?”

ಅದಕ್ಕೆ ಉತ್ತರ ಮರುದಿನ ನನ್ನ ಸೊಂಟಕ್ಕೆ ಗೊತ್ತಾಯಿತು. ಒಣ ಫೋಮೂ ಅಷ್ಟೇನೂ ಹಗುರವಲ್ಲ. ಸರೋಜ ಎಣ್ಣೆ ತಿಕ್ಕುತ್ತ ಬೈಯುತ್ತಿದ್ದಾಳೆ, ಜಗಲಿಯಲ್ಲಿ ನನ್ನ ಕುರ್ಚಿಗೆ ಜಾಗವಿಲ್ಲ. ಜಾಗದ ಬಾಡಿಗೆಯ ಮಾತೆತ್ತಿದ ಹಮೀದನಿಗೆ ನಾನು ಹೇಳಿದ್ದು ಒಂದೇ ಮಾತು: “ನೋಡುವ.”